ಮುಪ್ಪಿಗೊಂದು ಊರು: ಮಕ್ಕಾದ ಮುಜಾವಿರರು

ದುಡಿಮೆಯೆಲ್ಲ ಮುಗಿದ ಮೇಲೆ ಕೊನೆಗಾಲವನ್ನು ಎಲ್ಲಿ ಕಳೆಯಬೇಕು? ಇಂದು ನಿವೃತ್ತರಾದವರು ಪರದೇಶದಲ್ಲಿ ಊರು ಹುಡುಕುವಾಗ ಹವಾಮಾನ, ಆಸ್ಪತ್ರೆ, ಮನೆ ಬಾಡಿಗೆ, ವೀಸಾ ಇವುಗಳನ್ನು ಲೆಕ್ಕ ಹಾಕುತ್ತಾರೆ. ಇದು ಹೊಸ ಪ್ರಶ್ನೆಯೆಂದು ನಾವು ಭಾವಿಸುತ್ತೇವೆ. ಆದರೆ ಮುಸ್ಲಿಮ್ ಜಗತ್ತಿನಲ್ಲಿ ಶತಮಾನಗಳ ಹಿಂದೆಯೇ ಅಸಂಖ್ಯ ಜನರು ಈ ಪ್ರಶ್ನೆಗೆ ಉತ್ತರ ಕಂಡುಕೊಂಡಿದ್ದರು. ಆ ಉತ್ತರ ಮಕ್ಕಾ ಮತ್ತು ಮದೀನಾ.

ಲೌಕಿಕ ಲೆಕ್ಕದಲ್ಲಿ ಮಕ್ಕಾ ಮುಪ್ಪಿಗೆ ಹೇಳಿಸಿದ ಊರಲ್ಲ. ಸುತ್ತಲೂ ಬೋಳು ಬೆಟ್ಟಗಳು, ತಾಳಲಾಗದ ಬಿಸಿಲು, ನೀರಿಗೆ ತತ್ವಾರ. ಬೇಸಾಯವಿಲ್ಲದ ಆ ಕಣಿವೆಗೆ ಈಜಿಪ್ಟಿನಿಂದ ಧಾನ್ಯ ಬರಬೇಕಿತ್ತು. ಆದರೂ ಮೊರಾಕ್ಕೋದಿಂದ ಜಾವಾದವರೆಗಿನ ಜನ ಅಲ್ಲಿಗೆ ಬಂದು ನೆಲೆಸಿದರು. ಅವರಿಗೆ ‘ಮುಜಾವಿರ್’ ಎಂದು ಹೆಸರು. ನೆರೆಯಲ್ಲಿ ವಾಸಿಸುವವನು ಎಂದು ಅದರ ಅರ್ಥ. ನಮ್ಮ ನಾಡಿನ ದರ್ಗಾಗಳಲ್ಲಿ ಸೇವೆ ಮಾಡುವವರನ್ನು ಮುಜಾವರ್ ಎನ್ನುತ್ತೇವಲ್ಲ, ಅದೂ ಇದೇ ಪದ. ಮುಂದೆ ನಮ್ಮ ಹೊನ್ನಾವರ, ಮಂಗಳೂರುಗಳನ್ನು ಕಂಡು ಬರೆದ ಇಬ್ನ್ ಬತೂತ ಕೂಡ ತನ್ನ ಯೌವನದಲ್ಲಿ ಕೆಲಕಾಲ ಮಕ್ಕಾದಲ್ಲಿ ಮುಜಾವಿರನಾಗಿದ್ದವನೇ.

ಈ ಪರದೇಶಿಗಳನ್ನು ಸಾಕಿದವರು ಯಾರು? ಇಲ್ಲಿಯೇ ವಕ್ಫ್‌ನ ಪಾತ್ರ ಬರುತ್ತದೆ. ದೂರದ ಸುಲ್ತಾನರು, ವರ್ತಕರು, ಶ್ರೀಮಂತ ಮಹಿಳೆಯರು ಅಲ್ಲಿ ‘ರುಬಾತ್’ ಎಂಬ ವಸತಿಗೃಹಗಳನ್ನು ಕಟ್ಟಿಸಿ ದಾನ ಬಿಟ್ಟರು. ಬಡವರು, ವಿದ್ಯಾರ್ಥಿಗಳು, ವಿಧವೆಯರು, ವೃದ್ಧರು ಅಲ್ಲಿ ಬಾಡಿಗೆಯಿಲ್ಲದೆ ಇರಬಹುದಿತ್ತು. ಹೈದರಾಬಾದಿನ ನಿಜಾಮರ ರುಬಾತ್ ಅಂಥವುಗಳಲ್ಲೊಂದು. ಹಳೆಯ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಬೀದರ್, ಕಲಬುರಗಿ, ರಾಯಚೂರು ಕಡೆಯ ಹಜ್ ಯಾತ್ರಿಕರಿಗೂ ಅದರ ಪ್ರಯೋಜನ ದೊರೆತಿದೆ.

ಹಾಗೆಂದು ಎಲ್ಲರೂ ಅಲ್ಲಿಗೆ ಹೋಗಿ ನೆಲೆಸಬೇಕೆಂದು ನಮ್ಮ ಹಿರಿಯರು ಹೇಳಲಿಲ್ಲ. ಪ್ರವಾದಿ(ಸ)ಯವರ ನಗರದಲ್ಲೇ ಮರಣ ಕೊಡು ಎಂದು ಪ್ರಾರ್ಥಿಸುತ್ತಿದ್ದ ಖಲೀಫ ಉಮರ್(ರ) ಹಜ್ ಮುಗಿದೊಡನೆ, ಯಮನ್, ಸಿರಿಯಾ, ಇರಾಕ್‌ಗಳಿಂದ ಬಂದವರನ್ನು ಅವರವರ ನಾಡಿಗೆ ಹೊರಡಿಸುತ್ತಿದ್ದರೆಂದು ಇಮಾಮ್ ಗಝಾಲಿ ಬರೆಯುತ್ತಾರೆ. ನಿತ್ಯ ನೋಡುತ್ತಾ ಹೋದರೆ ಕಅಬಾದ ಮೇಲಿನ ಭಯಭಕ್ತಿಯೂ ಸವೆದುಹೋಗಬಹುದೆಂಬ ಆತಂಕ ವಿದ್ವಾಂಸರಿಗಿತ್ತು. ಇಮಾಮ್ ಅಬೂಹನೀಫಾರಿಗೂ ಈ ನೆಲೆಸುವಿಕೆ ಹಿಡಿಸಿರಲಿಲ್ಲ. ಪವಿತ್ರ ಭೂಮಿಗೆ ಬಂದುಬಿಡು ಎಂದು ಪತ್ರ ಬರೆದ ಗೆಳೆಯ ಅಬುದ್ದರ್ದಾ(ರ)ರಿಗೆ ಸಲ್ಮಾನ್ ಫಾರಿಸಿ(ರ) ಕೊಟ್ಟ ಉತ್ತರವಂತೂ ಪ್ರಸಿದ್ಧವೇ ಆಗಿದೆ: ಮನುಷ್ಯನನ್ನು ಪವಿತ್ರಗೊಳಿಸುವುದು ಅವನ ಕರ್ಮವೇ ಹೊರತು ಮಣ್ಣಲ್ಲ ಎಂಬುದು ಅದರ ಸಾರ. ಕುರ್‌ಆನ್ ವ್ಯಾಖ್ಯಾನಕಾರ ಝಮಖ್ಶರಿ ಮಕ್ಕಾದಲ್ಲಿ ಬಹುಕಾಲ ನೆಲೆಸಿ ‘ಜಾರುಲ್ಲಾಹ್’ ಅಂದರೆ ಅಲ್ಲಾಹನ ನೆರೆಯವನೆಂದು ಬಿರುದು ಪಡೆದರು. ಆದರೆ ಅವರು 1144ರಲ್ಲಿ ಕಣ್ಣು ಮುಚ್ಚಿದ್ದು ಹುಟ್ಟು ನಾಡಾದ ಖ್ವಾರಿಝಮ್‌ನಲ್ಲಿ!

ಕೆಲವರಿಗೆ ಮರಳುವ ದಾರಿಯೇ ಇರಲಿಲ್ಲ. 1857ರ ಹೋರಾಟದ ಬಳಿಕ ಬ್ರಿಟಿಷರ ಕೈಗೆ ಸಿಗದೆ ಮಕ್ಕಾ ಸೇರಿದವರಲ್ಲಿ ಮೌಲಾನಾ ರಹ್ಮತುಲ್ಲಾ ಕೈರಾನವಿ ಮತ್ತು ಹಾಜಿ ಇಮ್ದಾದುಲ್ಲಾ ಪ್ರಮುಖರು. ಉಸ್ಮಾನಿ ಸುಲ್ತಾನರು ಕೈರಾನವಿಯವರನ್ನು ಇಸ್ತಾಂಬುಲ್‌ಗೆ ಕರೆಸಿ ಗೌರವಿಸಿದರು. ಆದರೂ ಅವರು ಮಕ್ಕಾಕ್ಕೇ ಮರಳಿದರು. ಬಂಗಾಳದಿಂದ ಹಜ್‌ಗೆ ಬಂದಿದ್ದ ಸೌಲತುನ್ನಿಸಾ ಎಂಬ ಮಹಿಳೆ ಅಲ್ಲೊಂದು ವಸತಿಗೃಹ ಕಟ್ಟಿಸಬೇಕೆಂದಿದ್ದರು. ಅದರ ಬದಲು ಶಾಲೆಯೊಂದನ್ನು ಕಟ್ಟಿಸುವಂತೆ ಕೈರಾನವಿ ಅವರನ್ನು ಒಪ್ಪಿಸಿದರು. 1870ರ ದಶಕದಲ್ಲಿ ಹೀಗೆ ‘ಮದ್ರಸಾ ಸೌಲತಿಯಾ’ ಹುಟ್ಟಿಕೊಂಡಿತು. ಕೈರಾನವಿ 1891ರಲ್ಲಿ, ಇಮ್ದಾದುಲ್ಲಾ 1899ರಲ್ಲಿ ಮಕ್ಕಾದಲ್ಲೇ ನಿಧನರಾದರು. ಆಶ್ರಯ ಕೊಟ್ಟ ಊರಿನಿಂದ ಪಡೆದುದಕ್ಕಿಂತ ಹೆಚ್ಚನ್ನು ಅವರು ಆ ಊರಿಗೆ ಕೊಟ್ಟು ಹೋದರು.

20ನೇ ಶತಮಾನದಲ್ಲಿ ಪಾಸ್‌ಪೋರ್ಟ್, ವೀಸಾ, ಇಕಾಮಾಗಳು ಬಂದವು. ಹರಮ್ ವಿಸ್ತರಣೆಯಲ್ಲಿ ಹಳೆಯ ರುಬಾತ್‌ಗಳು ನೆಲಸಮವಾದವು. 2019ರಲ್ಲಿ ಸೌದಿ ಅರೇಬಿಯಾ ಖಾಯಂ ವಾಸದ ಪರವಾನಿಗೆಯನ್ನು 8 ಲಕ್ಷ ರಿಯಾಲ್ ಬೆಲೆಗೆ ತೆರೆದಿಟ್ಟಿತು. 2020ರಲ್ಲಿ ದುಬೈ, 55 ವರ್ಷ ದಾಟಿದ, ಆಸ್ತಿಯೋ ಉಳಿತಾಯವೋ ನಿಗದಿತ ವರಮಾನವೋ ಇರುವವರಿಗೆ ನಿವೃತ್ತಿ ವೀಸಾ ಪ್ರಕಟಿಸಿತು. ಹಿಂದೆ ಬಡ ವಿಧವೆಗೂ ದಾನವಾಗಿ ಸಿಗುತ್ತಿದ್ದ ನೆರೆತನ ಈಗ ಕೊಳ್ಳುವ ಸರಕಾಗಿದೆ.

ಭಟ್ಕಳ, ಉಡುಪಿ, ಮಂಗಳೂರುಗಳಿಂದ ಹೋಗಿ ಮೂವತ್ತು ವರ್ಷ ಗಲ್ಫ್‌ನಲ್ಲಿ ಬೆವರು ಸುರಿಸಿದ ನಮ್ಮ ಕಾರ್ಮಿಕನನ್ನು ನೆನೆಯೋಣ. ಅವನ ಯೌವನವನ್ನು ಆ ನಗರಗಳು ಪಡೆದುಕೊಂಡವು, ಮುಪ್ಪನ್ನು ಮಾತ್ರ ಹಿಂದಕ್ಕೆ ಕಳುಹಿಸುತ್ತವೆ. ಅವನಿಗೆ ಊರು ಆರಿಸುವ ಪ್ರಶ್ನೆಯೇ ಇಲ್ಲ, ಕೆಲಸ ಮುಗಿದರೆ ಹೊರಡಬೇಕು. ಹಾಗೆ ಮರಳಿ ಬಂದವನಿಗೆ ಹುಟ್ಟೂರೇ ಎಷ್ಟೋ ಸಲ ಪರದೇಶವಾಗಿರುತ್ತದೆ.

ಹಾಗಾದರೆ ನಾವೇನು ಮಾಡಬೇಕು? ಮಕ್ಕಾದ ಮಣ್ಣಿನಲ್ಲಿ ಕಡೆಯುಸಿರೆಳೆಯುವ ಹಂಬಲ ತಪ್ಪೇನಲ್ಲ. ಆದರೆ ಆ ನಗರವನ್ನು ವೃದ್ಧರ ಊರಾಗಿಸಿದ್ದು ಬರೀ ಮಣ್ಣಲ್ಲ, ಅಪರಿಚಿತರಿಗಾಗಿ ಯಾರೋ ದೂರದಲ್ಲಿ ಕುಳಿತು ಬಿಟ್ಟ ವಕ್ಫ್. ನಮ್ಮ ಜಮಾಅತ್‌ಗಳು ಮಸೀದಿಯ ಮಿನಾರ ಎತ್ತರಿಸಲು ತೋರುವ ಉತ್ಸಾಹದಲ್ಲಿ ಒಂದು ಪಾಲನ್ನು ಒಂಟಿ ಮುದುಕರಿಗೊಂದು ರುಬಾತ್ ಕಟ್ಟಲು ಬಳಸಿದರೆ, ಮುಪ್ಪಿಗೊಂದು ಊರು ಹುಡುಕುತ್ತಾ ಪರದೇಶಕ್ಕೆ ಹೋಗುವ ಅಗತ್ಯ ಎಷ್ಟು ಜನರಿಗೆ ಉಳಿದೀತು?