ಬ್ರೇಕಿನ ಪಟ್ಟಿಯ ಪೂರ್ವೇತಿಹಾಸ

ವಾರಂಟಿಯ ಅವಧಿ ತೀರಿದೊಡನೆಯೇ ಬ್ರೇಕು ಕೈಕೊಡುತ್ತದೆಂಬುದು ಕಾರಿನ ಒಡೆಯರ ಚಿರಂತನವಾದ ದೂರಾಗಿದ್ದರೂ, ಸವೆಯುವುದೇ ಸ್ವಧರ್ಮವಾಗಿರುವ ಬ್ರೇಕ್ ಲೈನಿಂಗಿಗೆ ತಯಾರಕರು ಸಾಮಾನ್ಯವಾಗಿ ಅಂತಹ ಅಭಯವನ್ನು ಕೊಡುವುದೇ ಇಲ್ಲ. ಈ ಲೈನಿಂಗಿನ ಕಥೆ ಮೊದಲಾಗುವುದು ಕುದುರೆಗಾಡಿಗಳಿಂದ: ಇಂಗ್ಲೆಂಡಿನ ಡರ್ಬಿಶೈರಿನ ಇಳಿಜಾರುಗಳಲ್ಲಿ ಕುದುರೆಗಾಡಿಗಳ ಚಕ್ರವನ್ನು ತಡೆಯಲು ಮರದ ತುಂಡುಗಳು ಸಾಲದಿರುವುದನ್ನು ಕಂಡ ಹರ್ಬರ್ಟ್ ಫ್ರೂಡನು 1897ರಲ್ಲಿ ಘರ್ಷಣೆಯ ಪಟ್ಟಿಗಳ ತಯಾರಿಕೆಗೆ ತೊಡಗಿದನು. ಬ್ರೇಕಿನ ಪಟ್ಟಿಗಳಿಗೆ ಹೆಸರಾದ ಫೆರೋಡೊ ಆತನದೇ ಉದ್ಯಮ.

ನಮ್ಮಲ್ಲಿ ಅಂಬಾಸಡರ್, ಫಿಯಟ್ಟುಗಳ ಕಾಲದಲ್ಲಿ, ಹೊಸ ಕಾರಿಗಾಗಿ ವರ್ಷಗಟ್ಟಲೆ ಕಾಯಬೇಕಾಗಿದ್ದುದರಿಂದ, ಇದ್ದುದನ್ನೇ ಉಳಿಸಿಕೊಳ್ಳುವ ವಿದ್ಯೆ ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಗಳ ಆಶ್ರಯದಲ್ಲಿ ಬೆಳೆಯಿತು. ಸವೆದ ಲೈನಿಂಗಿನ ರಿವೆಟ್ಟುಗಳನ್ನು ಕಿತ್ತು, ಅದೇ ಶೂವಿಗೆ ಹೊಸ ಪಟ್ಟಿಯನ್ನು ಬಡಿದು ಕೂರಿಸಿ, ಗೀರುಬಿದ್ದ ಡ್ರಮ್ಮಿನ ಒಳಮೈಯನ್ನು ಲೇತಿನಲ್ಲಿ ಸಮಗೊಳಿಸಿ, ಎಣ್ಣೆ ಸೋರುವ ಸಿಲಿಂಡರಿನ ರಬ್ಬರನ್ನು ಬದಲಿಸಿ, ಪೆಡಲನ್ನು ಮತ್ತೆ ಮತ್ತೆ ತುಳಿಸುತ್ತ ಕೊಳವೆಯೊಳಗಿನ ಗಾಳಿಯನ್ನು ಹೊರಗೆಡಹುತ್ತಿದ್ದ ಮೇಸ್ತ್ರಿಗಳ ನೈಪುಣ್ಯವು ಶ್ಲಾಘ್ಯವೇ ಸರಿ. ಆದರೆ ಆ ಪಟ್ಟಿಗಳಲ್ಲಿದ್ದ ಆಸ್ಬೆಸ್ಟಾಸಿನ ಧೂಳು ಶ್ವಾಸಕೋಶಗಳಿಗೆ ಮಾರಕವೆಂಬ ಅರಿವು ಬಹುಕಾಲ ಅವರನ್ನು ಮುಟ್ಟಲಿಲ್ಲ. ಅಗ್ಗದ ದುರಸ್ತಿಯ ನಿಜವಾದ ಬೆಲೆಯನ್ನು ತೆತ್ತವರು ಅವರೇ ಎಂದು ನನಗೆ ತೋರುತ್ತದೆ.

ಡಿಸ್ಕ್ ಬ್ರೇಕುಗಳು ಬಂದ ತರುವಾಯ ಪ್ಯಾಡನ್ನೇ ಬದಲಿಸುವ ಕ್ರಮ ರೂಢಿಯಾಯಿತು. ರಿವೆಟಿನ ಕೆಲಸವು ಬಹುಮಟ್ಟಿಗೆ ಲಾರಿ, ಬಸ್ಸುಗಳ ಪಾಲಿಗೆ ಉಳಿದಿದೆ.