ಚಳಿಗೆ ಕಾರು ಸ್ಟಾರ್ಟ್ ಆಗ್ತಿಲ್ವಾ? ಮೊದಲು ಸದ್ದು ಕೇಳಿ, ಆಮೇಲೆ ಮೆಕ್ಯಾನಿಕ್‌ಗೆ ಫೋನ್ ಮಾಡಿ

ಪುಣೆ: ನಸುಕಿನಲ್ಲೇ ಎದ್ದು ಸುಮಾರು 340 ಕಿ.ಮೀ. ದೂರದ ಬೆಳಗಾವಿಗೆ ಹೊರಡಬೇಕು. ಮನೆಮಂದಿಯೆಲ್ಲ ಬ್ಯಾಗ್ ಹಿಡಿದು ಕೆಳಗಿಳಿದಾಗಿದೆ. ಆದರೆ ಕೀ ತಿರುಗಿಸಿದರೆ 'ಟಕ ಟಕ' ಸದ್ದು ಬಿಟ್ಟು ಬೇರೇನೂ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಪುಣೆಯ ಕಾರು ಮಾಲೀಕರಿಗೆ ಇದು ಪರಿಚಿತ ಅನುಭವ. ಆದರೆ ಇದಕ್ಕೆ ಚಳಿಯನ್ನು ಮಾತ್ರ ದೂರಿದರೆ ಕಾಯಿಲೆ ಹಾಗೇ ಉಳಿಯುತ್ತದೆ, ದುಡ್ಡು ಮಾತ್ರ ಖರ್ಚಾಗುತ್ತದೆ.

ಪುಣೆಯ ಚಳಿ ಎಷ್ಟು?

ನಗರದಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ತಾಪಮಾನ 1.7 ಡಿಗ್ರಿ ಸೆಲ್ಸಿಯಸ್. ಅದು 1935ರ ಜನವರಿ 17ರ ಮಾತು. ಈಗ ಚಳಿ ಹೆಚ್ಚಾದ ದಿನಗಳಲ್ಲಿ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಪಾಷಾಣ, ಹವೇಲಿ, ಎನ್‌ಡಿಎ ಕಡೆ ಚಳಿ ಹೆಚ್ಚು. ಕೋರೆಗಾಂವ್ ಪಾರ್ಕ್, ಮಗರಪಟ್ಟಾ ಕಡೆ ಅದೇ ದಿನ ಕೆಲವು ಡಿಗ್ರಿ ಬೆಚ್ಚಗಿರುತ್ತದೆ.

ಲಡಾಖ್‌ನಂತಹ ಕಡೆ ಡೀಸೆಲ್ ಗಟ್ಟಿಯಾಗುವ ಸಮಸ್ಯೆ ಇದೆ. ಅದಕ್ಕಾಗಿಯೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿವರೆಗೂ ಹರಿಯಬಲ್ಲ ವಿಶೇಷ ಡೀಸೆಲ್ ತಂದಿತು. ಪುಣೆಯಲ್ಲಿ ಆ ಭಯವಿಲ್ಲ. ಸುಸ್ಥಿತಿಯಲ್ಲಿರುವ ಕಾರು ಇಲ್ಲಿನ ಚಳಿಗೆ ಕೈಕೊಡಬಾರದು. ಕೈಕೊಟ್ಟರೆ, ಮೊದಲೇ ಇದ್ದ ದೋಷ ಚಳಿಯಲ್ಲಿ ಹೊರಬಿತ್ತು ಎಂದೇ ಅರ್ಥ.

ನಿಜವಾದ ಕಾರಣ ಬೇಸಿಗೆ!

ಬ್ಯಾಟರಿಯೊಳಗಿನ ತಟ್ಟೆಗಳು ಸವೆಯುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ. ಆಗ ಎಂಜಿನ್ ಸುಲಭವಾಗಿ ತಿರುಗುವುದರಿಂದ ದೋಷ ಗೊತ್ತಾಗುವುದಿಲ್ಲ. ಚಳಿ ಬಂದಾಗ ಬ್ಯಾಟರಿಯ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ. ಸೊನ್ನೆ ಡಿಗ್ರಿಯಲ್ಲಿ ಅದರ ಶಕ್ತಿ ಸುಮಾರು ಮೂರನೇ ಒಂದು ಭಾಗ ಕುಗ್ಗುತ್ತದೆ. 8-10 ಡಿಗ್ರಿಯಲ್ಲಿ ಇಳಿಕೆ ಕಡಿಮೆಯಾದರೂ, ಮೊದಲೇ ಸೊರಗಿದ ಬ್ಯಾಟರಿಗೆ ಅಷ್ಟೇ ಸಾಕು. ಅದೇ ಹೊತ್ತಿಗೆ ಎಂಜಿನ್ ಆಯಿಲ್ ದಪ್ಪಗಾಗಿ, ಎಂಜಿನ್ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ.

ಸದ್ದೇ ಸುಳಿವು

ಹೆಡ್‌ಲೈಟ್ ಹಾಕಿ ಒಮ್ಮೆ ಸ್ಟಾರ್ಟ್ ಮಾಡಿ ನೋಡಿ.

* ಬೇಗ ಬೇಗ 'ಟಕ ಟಕ' ಸದ್ದು, ಲೈಟ್ ಮಂಕಾಗುತ್ತದೆ: ಬ್ಯಾಟರಿ ಸೊರಗಿದೆ ಅಥವಾ ಟರ್ಮಿನಲ್ ಸಡಿಲವಾಗಿದೆ.
* ಒಂದೇ ಒಂದು 'ಟಕ್' ಸದ್ದು, ಲೈಟ್ ಪ್ರಕಾಶಮಾನವಾಗಿಯೇ ಇದೆ: ಸ್ಟಾರ್ಟರ್ ಮೋಟಾರ್ ಅಥವಾ ಅದರ ವೈರಿಂಗ್ ಮೇಲೆ ಅನುಮಾನ ಪಡಬಹುದು.
* ಎಂಜಿನ್ ನಿಧಾನವಾಗಿ, ಎಳೆದೆಳೆದು ತಿರುಗುತ್ತದೆ: ಬ್ಯಾಟರಿ ಅರ್ಧ ಖಾಲಿ ಅಥವಾ ಆಯಿಲ್ ಹೆಚ್ಚು ದಪ್ಪ.
* ಎಂಜಿನ್ ಜೋರಾಗಿ ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ: ಬ್ಯಾಟರಿ ಸರಿಯಿದೆ. ಸ್ಪಾರ್ಕ್ ಪ್ಲಗ್, ಫ್ಯೂಯೆಲ್ ಪಂಪ್ ಅಥವಾ ಎಂಜಿನ್‌ನ ತಾಪ ಅಳೆಯುವ ಸೆನ್ಸರ್ ಪರೀಕ್ಷಿಸಬೇಕು.

ಈ ವ್ಯತ್ಯಾಸ ಗೊತ್ತಿದ್ದರೆ, ಬ್ಯಾಟರಿ ದೋಷಕ್ಕೆ ಸ್ಟಾರ್ಟರ್ ಮೋಟಾರ್ ಬದಲಿಸುವ ದುಂದುವೆಚ್ಚ ತಪ್ಪುತ್ತದೆ.

ಆ ಕ್ಷಣಕ್ಕೆ ಏನು ಮಾಡಬೇಕು?

ಲೈಟ್, ಎಸಿ, ಮ್ಯೂಸಿಕ್ ಸಿಸ್ಟಮ್ ಎಲ್ಲವನ್ನೂ ಆಫ್ ಮಾಡಿ. ಕೀಯನ್ನು 'ಆನ್' ಸ್ಥಾನದಲ್ಲಿಟ್ಟು ಎರಡು-ಮೂರು ಸೆಕೆಂಡ್ ಕಾಯಿರಿ. ಡೀಸೆಲ್ ಕಾರಾದರೆ ಸುರುಳಿ ಆಕಾರದ ದೀಪ ಆರುವವರೆಗೂ ಕಾಯಬೇಕು. ಗೇರ್ ಕಾರಿನಲ್ಲಿ ಕ್ಲಚ್ ಪೂರ್ತಿ ಒತ್ತಿ ಸ್ಟಾರ್ಟ್ ಮಾಡಿ. ಒಮ್ಮೆಗೆ 10 ಸೆಕೆಂಡ್‌ಗಿಂತ ಹೆಚ್ಚು ಕೀ ತಿರುಗಿಸಿ ಹಿಡಿಯಬೇಡಿ. ಮತ್ತೆ ಪ್ರಯತ್ನಿಸುವ ಮೊದಲು ಒಂದು ನಿಮಿಷ ಬಿಡಿ. ಇಲ್ಲದಿದ್ದರೆ ಸ್ಟಾರ್ಟರ್ ಮೋಟಾರ್ ಕಾದು ಹಾಳಾಗಬಹುದು.

ಹೆಚ್ಚಿನ ಸಿಎನ್‌ಜಿ ಕಾರುಗಳು ಬೆಳಗ್ಗೆ ಮೊದಲು ಪೆಟ್ರೋಲ್‌ನಲ್ಲೇ ಸ್ಟಾರ್ಟ್ ಆಗಿ ನಂತರ ಗ್ಯಾಸ್‌ಗೆ ಬದಲಾಗುತ್ತವೆ. ಹಾಗಾಗಿ ಪೆಟ್ರೋಲ್ ಟ್ಯಾಂಕ್ ಖಾಲಿ ಬಿಡಬೇಡಿ.

ಜಂಪ್ ಸ್ಟಾರ್ಟ್ ಮಾಡುವ ಸರಿಯಾದ ಕ್ರಮ

1. ಎರಡೂ ಕಾರು ಆಫ್ ಇರಲಿ, ಒಂದಕ್ಕೊಂದು ತಾಗದಿರಲಿ. ಕೆಂಪು ಕೇಬಲ್‌ನ ಒಂದು ತುದಿಯನ್ನು ಕೆಟ್ಟ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದನ್ನು ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ ಹಾಕಿ.
2. ಕಪ್ಪು ಕೇಬಲ್‌ನ ಒಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ ಹಾಕಿ.
3. ಇನ್ನೊಂದು ತುದಿಯನ್ನು ಕೆಟ್ಟ ಕಾರಿನ ಎಂಜಿನ್‌ನ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಹಾಕಿ. ಬ್ಯಾಟರಿ ಬಳಿ ಹೈಡ್ರೋಜನ್ ಅನಿಲ ಇರಬಹುದು, ಅಲ್ಲಿ ಕಿಡಿ ಹಾರಿದರೆ ಅಪಾಯ.
4. ಒಳ್ಳೆಯ ಕಾರನ್ನು ಕೆಲವು ನಿಮಿಷ ಓಡಿಸಿದ ಬಳಿಕ ಕೆಟ್ಟ ಕಾರನ್ನು ಸ್ಟಾರ್ಟ್ ಮಾಡಿ. ಕೇಬಲ್‌ಗಳನ್ನು ಹಾಕಿದ್ದಕ್ಕೆ ವಿರುದ್ಧ ಕ್ರಮದಲ್ಲಿ ತೆಗೆಯಿರಿ.

ಆಟೋಮ್ಯಾಟಿಕ್ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲು ಹೋಗಬೇಡಿ. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಎಂಜಿನ್ ಬಹಳ ಹೊತ್ತು ಓಡಿಸಿ ನಿಲ್ಲಿಸುವುದೂ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಆದರೆ ಅದು ಪ್ರಾಣ ತೆಗೆಯಬಲ್ಲದು.

ಶಾಶ್ವತ ಪರಿಹಾರ ಏನು?

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯನ್ನು ಮಲ್ಟಿಮೀಟರ್‌ನಲ್ಲಿ ಅಳೆಯಿರಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ. 12.2 ಬಂದರೆ ಅರ್ಧ ಮಾತ್ರ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಬರಬೇಕು. ಬರದಿದ್ದರೆ ಆಲ್ಟರ್ನೇಟರ್ ತೋರಿಸಿ, ಇಲ್ಲದಿದ್ದರೆ ಹೊಸ ಬ್ಯಾಟರಿಯೂ ಬೇಗ ಖಾಲಿಯಾಗುತ್ತದೆ.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ. ಅಡುಗೆ ಸೋಡಾ ಬೆರೆಸಿದ ನೀರಿನಿಂದ ಉಜ್ಜಿ, ಒಣಗಿಸಿ. ಮೊದಲು ಪ್ಲಸ್, ಕೊನೆಗೆ ಮೈನಸ್ ಬಿಗಿಗೊಳಿಸಿ. ಎಷ್ಟೋ ಸಲ ಇಷ್ಟರಿಂದಲೇ ಕಾರು ಸರಿಹೋಗುತ್ತದೆ.

ಕಂಪನಿಯ ಕೈಪಿಡಿಯಲ್ಲಿ ಹೇಳಿದ ಗ್ರೇಡ್‌ನ ಆಯಿಲ್ ಮಾತ್ರ ಹಾಕಿಸಿ. 5ಡಬ್ಲ್ಯೂ-30ರಲ್ಲಿ 'ಡಬ್ಲ್ಯೂ' ಎಂದರೆ ಚಳಿಗಾಲ ಎಂದರ್ಥ. ಅದರ ಹಿಂದಿನ ಅಂಕಿ ಕಡಿಮೆಯಾದಷ್ಟೂ ಆಯಿಲ್ ಚಳಿಯಲ್ಲಿ ಸುಲಭವಾಗಿ ಹರಿಯುತ್ತದೆ.

ವಾರವಿಡೀ ಸ್ಕೂಟರ್‌ನಲ್ಲಿ ಓಡಾಡಿ, ಭಾನುವಾರ ಮಾತ್ರ ಕಾರು ತೆಗೆಯುವವರ ಬ್ಯಾಟರಿ ಪೂರ್ತಿ ಚಾರ್ಜ್ ಆಗುವುದೇ ಇಲ್ಲ. ಡ್ಯಾಶ್‌ಕ್ಯಾಮ್, ಟ್ರ್ಯಾಕರ್ ಇದ್ದರೆ ನಿಂತಲ್ಲೇ ಇನ್ನಷ್ಟು ಖಾಲಿ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಕಾರು ಓಡಿಸಿ.

ಬ್ಯಾಟರಿಗೆ ಮೂರು ವರ್ಷ ದಾಟಿದ್ದರೆ ದೀಪಾವಳಿ ಹೊತ್ತಿಗೆ ಬ್ಯಾಟರಿ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿ. ಟೆಸ್ಟರ್ ಹಿಡಿದರೆ ಕೆಲವೇ ನಿಮಿಷಗಳ ಕೆಲಸ. ಊರಿಗೆ ಹೊರಟ ನಸುಕಿನಲ್ಲಿ ಮೆಕ್ಯಾನಿಕ್ ಹುಡುಕುವುದಕ್ಕಿಂತ ಅದು ಎಷ್ಟೋ ವಾಸಿ.