ಕಂಚಿಗೆ ಓದಲು ಹೋದ ಹುಡುಗ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ, ಒಂದು ಕಲ್ಲಿನ ಕಂಬವಿದೆ. ಐದನೆಯ ಶತಮಾನದಲ್ಲಿ ಕದಂಬ ದೊರೆ ಶಾಂತಿವರ್ಮನ ಆಜ್ಞೆಯಂತೆ ಕುಬ್ಜನೆಂಬ ಕವಿ ಅದರ ಮೇಲೆ ಸಂಸ್ಕೃತ ಪದ್ಯಗಳಲ್ಲಿ ರಾಜವಂಶದ ಕಥೆಯನ್ನು ಬರೆದ. ಆ ಕಥೆ ಆರಂಭವಾಗುವುದು ಅರಸನಿಂದಲ್ಲ, ಒಬ್ಬ ವಿದ್ಯಾರ್ಥಿಯಿಂದ.

ಮಯೂರಶರ್ಮ ವೇದಾಧ್ಯಯನವೇ ಆಸ್ತಿಯಾಗಿದ್ದ ಮನೆತನದ ಹುಡುಗ. ಓದು ಮುಗಿಸಲು ಗುರು ವೀರಶರ್ಮನೊಡನೆ ಪಲ್ಲವರ ರಾಜಧಾನಿ ಕಂಚಿಯ ಘಟಿಕೆಗೆ, ಅಂದರೆ ಉನ್ನತ ವಿದ್ಯಾಕೇಂದ್ರಕ್ಕೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಯಿತು ಎಂದು ವಿದ್ವಾಂಸರು ಸಾಮಾನ್ಯವಾಗಿ ಅರ್ಥ ಮಾಡಿದ್ದಾರೆ. ಜಗಳ ಯಾವುದಕ್ಕೆ ಎಂಬುದನ್ನು ಶಾಸನ ಬಿಡಿಸಿ ಹೇಳುವುದಿಲ್ಲ. ಹುಡುಗನ ಮನಸ್ಸನ್ನು ಮಾತ್ರ ತೆರೆದಿಡುತ್ತದೆ. ವರ್ಷಗಟ್ಟಲೆ ಗುರುಸೇವೆ ಮಾಡಿ ಕಲಿತದ್ದೆಲ್ಲ ಆಯುಧ ಹಿಡಿದವನ ಎದುರು ಕೆಲಸಕ್ಕೆ ಬಾರದಿದ್ದರೆ ಆ ವಿದ್ಯೆಗೆ ಬೆಲೆಯೇನು? ದರ್ಭೆ, ಸಮಿತ್ತುಗಳನ್ನು ಬಿಟ್ಟು ಅವನು ಕತ್ತಿ ಹಿಡಿದ. ಶ್ರೀಪರ್ವತದವರೆಗಿನ ಕಾಡು ಸೇರಿ ಪಲ್ಲವರನ್ನು ಕಾಡಿದ. ಕೊನೆಗೆ ಅವರೇ ಸಂಧಿ ಮಾಡಿಕೊಂಡು ಅವನನ್ನು ಅರಸನೆಂದು ಒಪ್ಪಬೇಕಾಯಿತು. ಇದು ನಾಲ್ಕನೆಯ ಶತಮಾನದ ಮಾತು.

ಅವಮಾನ ಮಾಡಿದವರು ಪಲ್ಲವರು. ಆದರೆ ಮಯೂರನಿಗೆ ಕಪ್ಪ ತೆತ್ತವರಲ್ಲಿ ಬೃಹದ್ಬಾಣರೂ ಇದ್ದರು. ಅವರು ಮಾಡಿದ ತಪ್ಪೇನು ಎಂದು ಕುಬ್ಜ ಕೇಳುವುದಿಲ್ಲ. ದೊರೆಯ ಆಜ್ಞೆಯಿಂದ ಬರೆಯುವವನು ಕೇಳುವಂತೆಯೂ ಇಲ್ಲ.

ಬದಲಾದ ಬೆಲೆ ಹೆಸರಿನಲ್ಲೂ ಕಾಣುತ್ತದೆ. ಶಾಸನದಲ್ಲಿ ತಂದೆ ಮಯೂರಶರ್ಮ, ಮಗ ಕಂಗವರ್ಮ. 'ಶರ್ಮ' ಹೋಗಿ ಕ್ಷತ್ರಿಯರ 'ವರ್ಮ' ಬಂದದ್ದು ಒಂದೇ ತಲೆಮಾರಿನಲ್ಲಿ. ಜನ ತಂದೆಗೂ ಅದನ್ನೇ ಅಂಟಿಸಿದರು. 1975ರಲ್ಲಿ ರಾಜಕುಮಾರ್ ಅಭಿನಯದ 'ಮಯೂರ' ಚಿತ್ರ ಬಂದ ಮೇಲಂತೂ ಮನೆಮಾತಾದವನು ಮಯೂರವರ್ಮನೇ. ಓದು ಬಿಟ್ಟವನನ್ನು ನಾವು ಮೆಚ್ಚಿದಷ್ಟು ಓದಲು ಹೋದವನನ್ನು ಮೆಚ್ಚಲಿಲ್ಲವೇನೋ!

ಕತ್ತಿಯ ಮರ್ಯಾದೆ ಈ ಸೀಮೆಯಲ್ಲಿ ಬಹುಕಾಲ ಉಳಿಯಿತು. ನೆರೆಯ ಸೊರಬ ತಾಲ್ಲೂಕಿನ ಉದ್ರಿಯಲ್ಲಿ ಸಾಲುಸಾಲಾಗಿರುವ ವೀರಗಲ್ಲುಗಳು ಹೋರಾಡಿ ಬಿದ್ದವರನ್ನು ಸ್ವರ್ಗಕ್ಕೆ ಕಳುಹಿಸುತ್ತವೆ.

ಇದೇ ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ, ಸುಮಾರು 800 ವರ್ಷಗಳ ನಂತರ, ಅಕ್ಕಮಹಾದೇವಿ ತಿರುಗುಮುಖದ ದಾರಿ ಹಿಡಿದಳು. ಅರಸನ ಐಶ್ವರ್ಯ ಅವಳಿಗೆ ಬೇಡವಾಯಿತು. ಅವಳೂ ನಡೆದದ್ದು ಶ್ರೀಪರ್ವತದ ಕಡೆಗೇ, ಶ್ರೀಶೈಲಕ್ಕೆ.

ಇನ್ನು ತಾಳಗುಂದದ ಕಂಬದ ಮಾತು. ಕುಬ್ಜನ ಪದ್ಯಗಳನ್ನು ಕೊನೆಯವರೆಗೂ ಓದಿದರೆ ಅದನ್ನು ನಿಲ್ಲಿಸಿದ ಕಾರಣ ತಿಳಿಯುತ್ತದೆ. ಮಯೂರಶರ್ಮನ ಮರಿಮಗ ಕಾಕುಸ್ಥವರ್ಮ ಅಲ್ಲಿನ ಶಿವಾಲಯದ ಬಳಿ ಒಂದು ಕೆರೆ ಕಟ್ಟಿಸಿದ್ದ. ಶಾಸನ ಹುಟ್ಟಿದ್ದು ಆ ಕೆರೆಯ ನೆಪದಲ್ಲಿ.